ಒಂದು ಚೌಕದ ಮೊಲ: ಹೊಸಬರ ಹೆಣಿಗೆ ಕಿಟ್ ಹೇಗಿದೆ?

ಹೊಸಬರಿಗೆ ಅಂತ ಮಾರುವ ಗೊಂಬೆ ಹೆಣಿಗೆಯ ಕಿಟ್‌ಗಳಲ್ಲಿ ಎಷ್ಟೋ ಹೊಸಬರಿಗೆ ಆಗಿಬರುವಂಥವಲ್ಲ. ಡಬ್ಬದ ಮೇಲೆ ಮುದ್ದಾದ ಕರಡಿ ಇರುತ್ತದೆ. ಒಳಗಿನ ಹಾಳೆ ಬಿಡಿಸಿದರೆ ನಾಲ್ಕು ಕಡ್ಡಿಗಳಲ್ಲಿ ಸುತ್ತ ಹೆಣೆಯಿರಿ, ಕುಣಿಕೆ ಹೆಚ್ಚಿಸಿ, ಎರಡನ್ನು ಸೇರಿಸಿ ಒಂದು ಮಾಡಿ ಅಂತ ಶುರುವಾಗುತ್ತದೆ. ಕಡ್ಡಿ ಹಿಡಿಯೋದೇ ಗೊತ್ತಿಲ್ಲದವರು ಅಲ್ಲಿಗೇ ಕೈಬಿಡುತ್ತಾರೆ. ನಾನೀಗ ಹೇಳಹೊರಟಿರುವ ಮೊಲದ ಕಿಟ್ ಅಂಥದ್ದಲ್ಲ. ಇದರಲ್ಲಿ ಹೆಣೆಯಬೇಕಾದ್ದು ಒಂದೇ ಒಂದು ಚೌಕ. ಅದನ್ನೇ ಹೊಲಿದು, ಎಳೆದು, ಒಳಗೆ ತುಂಬಿದರೆ ಕಿವಿ ನೆಟ್ಟಗೆ ನಿಂತ ಮೊಲ. ಹೆಣಿಗೆಯ ಭಾಗಕ್ಕೆ ನನ್ನ ಪೂರ್ತಿ ಅಂಕ. ಚೌಕ ಮುಗಿದ ಮೇಲಿನ ಕೆಲಸವನ್ನು ಮಾತ್ರ ಹಾಳೆ ಬರೆದವರು ಅವಸರದಲ್ಲಿ ಮುಗಿಸಿದ್ದಾರೆ. ಗೊಂಬೆಗೆ ಜೀವ ಬರೋದೇ ಅಲ್ಲಿ. ಹಾಗಾಗಿ ಅದನ್ನು ಬಿಡಿಸಿ ಹೇಳುತ್ತೇನೆ.

ನಾನು ಬಹಳ ಕಾಲದಿಂದ ಹೆಣೆಯುತ್ತಿರುವವಳು. ಈ ಕಿಟ್ ತರಿಸಿದ್ದು ಅತ್ತಿಗೆಗೋಸ್ಕರ. ಅವರು ಹೊಲಿಗೆಯಲ್ಲಿ ಪಳಗಿದ ಕೈ, ಆದರೆ ಹೆಣಿಗೆ ಕಡ್ಡಿಯನ್ನು ಮುಟ್ಟಿದವರಲ್ಲ. ಮಗಳಿಗೆ ಮಗುವಾಗುವ ಹೊತ್ತಿಗೆ ತಮ್ಮ ಕೈಯಾರೆ ಒಂದು ಗೊಂಬೆ ಮಾಡಿಕೊಡಬೇಕು ಅನ್ನೋದು ಅವರ ಆಸೆ. "ನೀನು ಮಾಡಿಕೊಡಬೇಡ ಕಣೇ, ಪಕ್ಕದಲ್ಲಿ ಕೂತ್ಕೋ ಸಾಕು" ಅಂದರು. ಹಾಗೆಯೇ ಕೂತೆ. ಹೊಸ ಕೈಗೆ ಈ ಹಾಳೆ ಎಲ್ಲಿ ಸಾಕಾಗುತ್ತದೆ, ಎಲ್ಲಿ ಸಾಕಾಗುವುದಿಲ್ಲ ಅನ್ನೋದು ಪಕ್ಕದಲ್ಲಿ ಕೂತವರಿಗೆ ಚೆನ್ನಾಗಿ ಕಾಣುತ್ತದೆ.

ಡಬ್ಬದಲ್ಲಿ ಬಂದದ್ದು ಇಷ್ಟು: ಕೆನೆಬಣ್ಣದ ಡಿಕೆ ದಪ್ಪದ (ಡಬಲ್ ನಿಟ್, ಅಂದರೆ ತೀರಾ ಸಣ್ಣವೂ ಅಲ್ಲದ, ತೀರಾ ದಪ್ಪವೂ ಅಲ್ಲದ) ನೂಲು, 50 ಗ್ರಾಮಿನ ಒಂದು ಉಂಡೆ. 4 ಮಿಲಿಮೀಟರಿನ ಒಂದು ಜೊತೆ ಬಿದಿರಿನ ಕಡ್ಡಿ. ಮೊಂಡು ತುದಿಯ ದಪ್ಪ ಸೂಜಿ. ಪಾಲಿಯೆಸ್ಟರ್ ಫೈಬರಿನ ಸಣ್ಣ ಚೀಲ. ಗುಲಾಬಿ ಕಸೂತಿ ದಾರ. ಹಿಂದೆ ಬಿಲ್ಲೆ ಹಾಕಿ ಒತ್ತುವಂಥ ಎರಡು ಕಪ್ಪು ಪ್ಲಾಸ್ಟಿಕ್ ಕಣ್ಣು. ಮಡಚಿದ ಹಾಳೆ.

ನೂಲು ಆರಿಸಿದವರಿಗೆ ಹೊಸಬರ ಕಷ್ಟ ಗೊತ್ತಿದೆ. ತಿಳಿ ಬಣ್ಣದ, ನುಣುಪಾದ, ಬಿಗಿಯಾಗಿ ಹುರಿಹೊಡೆದ ನೂಲು ಕೊಟ್ಟಿದ್ದಾರೆ. ಕಪ್ಪು ಅಥವಾ ಕಡುನೀಲಿ ನೂಲಿನಲ್ಲಿ ಯಾವುದು ಕುಣಿಕೆ, ಯಾವುದು ನಡುವಿನ ಸಂದು ಅನ್ನೋದೇ ಕಾಣುವುದಿಲ್ಲ. ನವಿರು ಕೂದಲೆದ್ದ ನೂಲು ಇನ್ನೂ ಕಷ್ಟ. ಅಂಗಡಿಯಲ್ಲಿ ಮುಟ್ಟಿದರೆ ಅದೇ ಬೇಕು ಅನ್ನಿಸುತ್ತದೆ, ಆದರೆ ಬಿಚ್ಚಬೇಕಾದಾಗ ಕೂದಲು ಕೂದಲಿಗೆ ಸಿಕ್ಕಿಕೊಂಡು ಬರೋದೇ ಇಲ್ಲ. ಹೊಸಬರು ಹೆಣೆಯುವುದಕ್ಕಿಂತ ಬಿಚ್ಚುವುದು ಜಾಸ್ತಿ ಅಲ್ವಾ? ಬಿಚ್ಚಿದರೂ ಹಾಳಾಗದ ನೂಲೇ ಅವರಿಗೆ ಸರಿ. ಕಡ್ಡಿಯೂ ಹಾಗೆಯೇ. ಉಕ್ಕಿನ ಅಥವಾ ಅಲ್ಯೂಮಿನಿಯಂ ಕಡ್ಡಿಯಲ್ಲಿ ಕುಣಿಕೆ ಜಾರುತ್ತದೆ. ಪಳಗಿದ ಕೈಗೆ ಅದರಿಂದ ವೇಗ ಸಿಗುತ್ತದೆ. ಹೊಸ ಕೈಗೆ ಕುಣಿಕೆ ಉದುರುತ್ತದೆ. ಬಿದಿರು ನೂಲನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ನಮಗೆ ಬಂದ ಕಡ್ಡಿಗಳಲ್ಲಿ ಒಂದರ ತುದಿಯಲ್ಲಿ ಸಣ್ಣ ಸಿಬಿರು ಎದ್ದು ನೂಲಿಗೆ ಸಿಕ್ಕಿಕೊಳ್ಳುತ್ತಿತ್ತು. ನಯವಾದ ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ಸರಿಯಾಯಿತು. ಕೊಂಡವರು ಮೊದಲು ತುದಿಯ ಮೇಲೆ ಬೆರಳಾಡಿಸಿ ನೋಡಿ.

ಹಾಳೆಯ ಮೊದಲ ಭಾಗ ನನಗೆ ತುಂಬಾ ಹಿಡಿಸಿತು. ಕಾಸ್ಟ್ ಆನ್ ಅಂದರೆ ಕಡ್ಡಿಯ ಮೇಲೆ ಮೊದಲ ಕುಣಿಕೆಗಳನ್ನು ಹಾಕೋದಕ್ಕೆ ಹಲವು ದಾರಿಗಳಿವೆ. ಹೆಚ್ಚಿನ ಕಿಟ್‌ಗಳು ಉದ್ದ ಬಾಲ ಬಿಟ್ಟು ಎರಡು ಎಳೆಯಲ್ಲಿ ಹಾಕುವ ಬಗೆಯನ್ನೇ ಕಲಿಸುತ್ತವೆ. ಅಂಚು ಚೆನ್ನಾಗಿ ಬರುತ್ತದೆ, ನಿಜ. ಆದರೆ ಎಷ್ಟು ಉದ್ದ ಬಾಲ ಬಿಡಬೇಕು ಅಂತ ಮೊದಲೇ ಅಂದಾಜು ಮಾಡಬೇಕು. ಕಡಿಮೆ ಬಿದ್ದರೆ ಎಲ್ಲ ಬಿಚ್ಚಿ ಮತ್ತೆ ಹಾಕಬೇಕು. ಈ ಕಿಟ್ ಹೆಣೆಯುತ್ತಲೇ ಕುಣಿಕೆ ಹಾಕುವ ಬಗೆಯನ್ನು ಹೇಳಿಕೊಡುತ್ತದೆ. ಕುಣಿಕೆಯೊಳಗೆ ಕಡ್ಡಿ ತೂರಿಸಿ, ನೂಲು ಸುತ್ತಿ, ಹೊರಗೆಳೆದು, ಆ ಹೊಸ ಕುಣಿಕೆಯನ್ನು ಎಡಗಡ್ಡಿಗೇ ಹಾಕೋದು. ಸೀದಾ ಹೆಣಿಗೆಯ ಕೈಚಳಕವೂ ಇದೇ ತಾನೇ. 36 ಕುಣಿಕೆ ಹಾಕಿ ಮುಗಿಸುವ ಹೊತ್ತಿಗೆ ಹೆಣೆಯುವುದು ಕೈಗೆ ಹತ್ತಿರುತ್ತದೆ. ಮೊದಲ ಸಾಲಿಗೆ ಬಂದಾಗ ಅತ್ತಿಗೆ ನನ್ನ ಕಡೆ ತಿರುಗಿ, "ಹೊಸದೇನೂ ಇಲ್ವಲ್ಲೇ ಇದರಲ್ಲಿ?" ಅಂದರು. ಕಲಿಸೋದು ಅಂದರೆ ಹೀಗಿರಬೇಕು ಅನ್ನಿಸಿತು ನನಗೆ.

ಮುಂದಿನದು ಬರೀ ಸೀದಾ. ನೂಲನ್ನು ಮುಂದಿಟ್ಟುಕೊಂಡು ಹೆಣೆಯುವ ಉಲ್ಟಾ ಇಲ್ಲವೇ ಇಲ್ಲ. ಎಲ್ಲ ಸಾಲನ್ನೂ ಸೀದಾ ಹೆಣೆದರೆ ಬರುವ ಗಾರ್ಟರ್ ಹೆಣಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಅಂಚು ಸುರುಳಿಕೊಳ್ಳುವುದಿಲ್ಲ, ಎರಡು ಸಾಲಿಗೆ ಒಂದು ಉಬ್ಬುಗೆರೆ ಮೂಡುತ್ತದೆ. ಚೌಕದ ಲೆಕ್ಕವೂ ಇದರಿಂದಲೇ ಸುಲಭ. ಎಷ್ಟು ಕುಣಿಕೆಯೋ ಅಷ್ಟು ಉಬ್ಬುಗೆರೆ ಬಂದರೆ ಹೆಚ್ಚುಕಡಿಮೆ ಚೌಕ. 36 ಕುಣಿಕೆಗೆ 72 ಸಾಲು, ಅಂದರೆ 36 ಉಬ್ಬುಗೆರೆ. ಸಾಲು ಎಣಿಸುತ್ತಾ ಕೂರೋದು ಬೇಡ, ಗೆರೆ ಎಣಿಸಿದರೆ ಸಾಕು. ಅನುಮಾನ ಬಂದರೆ ಒಂದು ಮೂಲೆಯನ್ನು ಎದುರು ಮೂಲೆಗೆ ಮಡಚಿ ನೋಡಿ, ಅಂಚುಗಳು ಕೂಡಿದರೆ ಚೌಕ ಆಗಿದೆ.

ಹೊಸಬರನ್ನು ಹೆಚ್ಚು ಕಾಡುವ ತೊಂದರೆಗೂ ಹಾಳೆಯಲ್ಲಿ ಚಿತ್ರ ಇದೆ. ಕುಣಿಕೆ ತಾನೇ ತಾನಾಗಿ ಜಾಸ್ತಿ ಆಗೋದು. ಅತ್ತಿಗೆಗೂ ಆಯಿತು. 36 ಇರಬೇಕಾದ ಕಡೆ 39. "ನಾನು ಹಾಕಿಲ್ಲಪ್ಪ, ಇವೆಲ್ಲಿಂದ ಬಂದ್ವೇ?" ಸಾಲು ತಿರುಗಿಸಿದಾಗ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆ ಮೇಲೆದ್ದು ಎರಡು ಕಾಲು ತೋರಿಸುತ್ತದೆ. ಹೊಸಬರು ಅದನ್ನು ಎರಡು ಕುಣಿಕೆ ಅಂದುಕೊಂಡು ಎರಡು ಸಲ ಹೆಣೆಯುತ್ತಾರೆ. ನೂಲನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತಂದರೆ ಮುಗಿಯಿತು. ಇದನ್ನು ಹಾಳೆಯಲ್ಲಿ ಎರಡು ಪುಟ್ಟ ಚಿತ್ರಗಳಲ್ಲಿ ತೋರಿಸಿದ್ದಾರೆ. ಒಂದರ ಪಕ್ಕ ಸರಿ ಗುರುತು, ಇನ್ನೊಂದರ ಪಕ್ಕ ತಪ್ಪು ಗುರುತು. ದಪ್ಪ ದಪ್ಪ ಪುಸ್ತಕಗಳಲ್ಲೂ ಇದನ್ನು ಇಷ್ಟು ಸ್ಪಷ್ಟವಾಗಿ ನಾನು ಕಂಡಿಲ್ಲ. ಎಡಗೈ ಬಳಸುವವರಿಗೆ ಮಾತ್ರ ಏನೂ ಹೇಳಿಲ್ಲ.

ಕಡ್ಡಿಯ ಅಳತೆಯ ಬಗ್ಗೆ ಒಂದು ಮಾತು. ಡಿಕೆ ನೂಲಿನ ಚೀಟಿಯ ಮೇಲೆ ಸಾಮಾನ್ಯವಾಗಿ 4 ಮಿಲಿಮೀಟರ್ ಕಡ್ಡಿ, 10 ಸೆಂಟಿಮೀಟರಿಗೆ 22 ಕುಣಿಕೆ ಅಂತ ಇರುತ್ತದೆ. ಅದು ಸ್ವೆಟರಿನ ಲೆಕ್ಕ. ಸ್ವೆಟರ್ ಮೈಮೇಲೆ ಜೋಲಾಡಬೇಕು. ಗೊಂಬೆ ಹಾಗಲ್ಲ, ಒಳಗಿನ ತುಂಬು ಹೊರಗೆ ಇಣುಕಬಾರದು. ಅದಕ್ಕೇ ಗೊಂಬೆ ಹೆಣೆಯುವವರು ಚೀಟಿ ಹೇಳಿದ್ದಕ್ಕಿಂತ ಸಣ್ಣ ಕಡ್ಡಿ ಹಿಡಿಯುತ್ತಾರೆ. ಈ ಕಿಟ್‌ನವರು 4 ಕೊಟ್ಟದ್ದು ಹೊಸಬರು ಬಿಗಿಯಾಗಿ ಹೆಣೆಯುತ್ತಾರೆ ಅನ್ನುವ ಲೆಕ್ಕದಲ್ಲಿ ಇರಬೇಕು. ಅತ್ತಿಗೆಯ ಮಟ್ಟಿಗೆ ಅದು ಸರಿಯಾಯಿತು. ಅವರ ಹೆಣಿಗೆ ಬಿಗಿ. ನನ್ನ ಕೈ ಸಡಿಲ. ಅದೇ ನೂಲಿನಲ್ಲಿ ನಾನೂ ಒಂದು ಚೌಕ ಹೆಣೆದೆ, ಎಳೆದಾಗ ಸಂದು ತೆರೆಯಿತು. 3.25 ಮಿಲಿಮೀಟರ್ ಕಡ್ಡಿಗೆ ಬದಲಾಯಿಸಿದೆ. ಬಟ್ಟೆ ಒತ್ತಾಗಿ, ಅಚ್ಚುಕಟ್ಟಾಗಿ ಬಂತು, ಮೊಲ ಸ್ವಲ್ಪ ಚಿಕ್ಕದಾಯಿತು ಅಷ್ಟೇ. ಕೆನೆಬಣ್ಣದ ನೂಲಿಗೆ ಬಿಳಿ ಫೈಬರ್ ಆದ್ದರಿಂದ ಇಣುಕಿದರೂ ಅಷ್ಟಾಗಿ ಕಾಣುವುದಿಲ್ಲ. ಕಡು ಬಣ್ಣದಲ್ಲಿ ಮಾಡುವವರು ಮಾತ್ರ ಸಣ್ಣ ಕಡ್ಡಿಯನ್ನೇ ತೆಗೆದುಕೊಳ್ಳಿ.

ಈಗ ತೊಡಕಿನ ಜಾಗ. ಕೊನೆಯ ಸಾಲಿನ ಕುಣಿಕೆಗಳು ಬಿಚ್ಚಿಕೊಳ್ಳದ ಹಾಗೆ ಮುಚ್ಚಿ ಚೌಕ ಮುಗಿಸಿದ ಮೇಲೆ ಹಾಳೆ ಹೇಳೋದು ಇಷ್ಟೇ: "ತ್ರಿಕೋನಾಕಾರದಲ್ಲಿ ಹೊಲಿದು ಎಳೆಯಿರಿ." ಪಕ್ಕದಲ್ಲಿ ಒಂದು ಚಿತ್ರ. ಎಲ್ಲಿ ಶುರು, ಎಲ್ಲಿ ಕೊನೆ, ದಾರ ಯಾವ ಕಡೆ ಹೊರಬರಬೇಕು, ಫೈಬರ್ ಯಾವಾಗ ತುಂಬಬೇಕು, ಒಂದೂ ಇಲ್ಲ. ಹೊಲಿಗೆ ಬಲ್ಲ ಅತ್ತಿಗೆಯೇ ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಹಾಗಾಗಿ ನಾನು ಹೇಳುತ್ತೇನೆ.

ಚೌಕವನ್ನು ಮೇಜಿನ ಮೇಲೆ ಹರಡಿ. ಉಬ್ಬುಗೆರೆಗಳು ಅಡ್ಡಕ್ಕೆ ಬರಲಿ. ನಟ್ಟನಡುವಿನ ಗೆರೆಯ ಎಡತುದಿಯಿಂದ ಶುರುಮಾಡಿ ಬಲತುದಿವರೆಗೆ ಕಚ್ಚಾ ಹೊಲಿಗೆ ಹಾಕಿ. ಅಲ್ಲಿಂದ ಓರೆಯಾಗಿ ಮೇಲಂಚಿನ ಮಧ್ಯಕ್ಕೆ ಹೋಗಿ. ಅಲ್ಲಿಂದ ಮತ್ತೆ ಓರೆಯಾಗಿ ಹೊರಟ ಜಾಗಕ್ಕೆ ಬನ್ನಿ. ಒಂದು ತ್ರಿಕೋನವಾಯಿತು. ಒಂದೊಂದು ಹೊಲಿಗೆ ಒಂದು ಸೆಂಟಿಮೀಟರಿನಷ್ಟು ಇದ್ದರೆ ಸಾಕು. ತೀರಾ ಚಿಕ್ಕದಾದರೆ ದಾರ ಸಲೀಸಾಗಿ ಸರಿಯುವುದಿಲ್ಲ, ದೊಡ್ಡದಾದರೆ ನೆರಿಗೆ ಒರಟಾಗುತ್ತದೆ. ಮುಖ್ಯವಾದದ್ದು, ಸೂಜಿ ಕುಣಿಕೆಗಳ ನಡುವಿನ ಸಂದಿನಲ್ಲಿ ಹೋಗಬೇಕು. ನೂಲಿನ ಎಳೆಯನ್ನೇ ಸೀಳಿಕೊಂಡು ಹೋದರೆ ಎಳೆದಾಗ ಅಲ್ಲೇ ಕಚ್ಚಿಕೊಳ್ಳುತ್ತದೆ. ಕಿಟ್‌ನಲ್ಲಿ ಮೊಂಡು ಸೂಜಿ ಕೊಟ್ಟಿರೋದು ಇದಕ್ಕೇ. ದಾರದ ಎರಡೂ ತುದಿ ಒಂದೇ ಕಡೆ, ಒಳಮೈಯಾಗುವ ಕಡೆಗೆ ಬರಲಿ.

ಇನ್ನು ಎಳೆಯೋದು. ಸಂಚಿಯ ಬಾಯಿದಾರ ಎಳೆದ ಹಾಗೆ ಎರಡೂ ತುದಿ ಹಿಡಿದು ನಿಧಾನಕ್ಕೆ ಎಳೆಯುತ್ತಾ ಹೋದರೆ ತ್ರಿಕೋನ ಉಬ್ಬಿಕೊಂಡು ಬಟ್ಟಲಾಗುತ್ತದೆ. ಅದೇ ತಲೆ. ಮೇಲಿನ ಎರಡು ಮೂಲೆ ತ್ರಿಕೋನದ ಹೊರಗೆ ಉಳಿದು ಮೇಲಕ್ಕೆ ಏಳುತ್ತವೆ. ಅವೇ ಕಿವಿ! ಹೆಚ್ಚಿಸಿಲ್ಲ, ಕುಗ್ಗಿಸಿಲ್ಲ, ಬೇರೆ ತುಂಡು ಹೆಣೆದು ಅಂಟಿಸಿಲ್ಲ. ಚಪ್ಪಟೆ ಚೌಕವೊಂದು ಕೈಯಲ್ಲಿ ಹೀಗೆ ಮೊಲವಾಗೋದನ್ನು ನಾನು ಎಷ್ಟೇ ಸಲ ಕಂಡಿದ್ದರೂ ಖುಷಿ ಕಡಿಮೆಯಾಗಿಲ್ಲ. ಅತ್ತಿಗೆ ದಾರ ಎಳೆಯುತ್ತಿದ್ದವರು ಕಿವಿ ಎದ್ದ ಕೂಡಲೇ ನಿಲ್ಲಿಸಿ, ಸಡಿಲ ಬಿಟ್ಟು, ಮತ್ತೆ ಎಳೆದರು. ಮತ್ತೆ ಬಿಟ್ಟರು. "ತಡಿಯೇ, ಇನ್ನೊಂದ್ಸಲ ನೋಡ್ತೀನಿ" ಅಂತ.

ಪೂರ್ತಿ ಬಿಗಿಯುವ ಮೊದಲೇ ತಲೆಗೆ ಫೈಬರ್ ತುಂಬಬೇಕು. ಆಮೇಲೆ ಬಾಯಿ ಚಿಕ್ಕದಾಗಿ ತುಂಬೋದಕ್ಕೆ ಆಗುವುದಿಲ್ಲ. ತುಂಬಿ, ಬಿಗಿದು, ಗಂಟು ಹಾಕಿ, ದಾರದ ತುದಿಗಳನ್ನು ಒಳಕ್ಕೆ ತಳ್ಳಿ. ನಡುಗೆರೆಯ ಎಡತುದಿಯೂ ಬಲತುದಿಯೂ ಈಗ ಕತ್ತಿನ ಹಿಂದೆ ಬಂದು ಸೇರಿರುತ್ತವೆ. ಅಲ್ಲಿಂದ ಕೆಳಕ್ಕೆ ಎರಡು ಅಂಚನ್ನು ಕೂಡಿಸಿ ಹೊಲಿದರೆ ಬೆನ್ನು. ಕೆಳಗಿನ ಅಂಚಿಗೆ ಇನ್ನೊಂದು ಕಚ್ಚಾ ಹೊಲಿಗೆ ಹಾಕಿ, ಹೊಟ್ಟೆ ತುಂಬಿಸಿ, ಎಳೆದು ಮುಚ್ಚಿ. ಕಿವಿ ಹೊರಳುತ್ತಿದ್ದರೆ ಬುಡದಲ್ಲಿ ಮಡಚಿ ಒಂದೆರಡು ಹೊಲಿಗೆ ಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಕಿವಿಗೆ ಫೈಬರ್ ಬೇಡ.

ಫೈಬರಿನ ಚೀಲ ಚಿಕ್ಕದಾಯಿತು ಅನ್ನೋದು ನನ್ನ ದೂರು. ಹೊಟ್ಟೆಯೂ ತಲೆಯೂ ತುಂಬಿದವು, ಕತ್ತಿಗೆ ಸಾಲಲಿಲ್ಲ. ಕತ್ತು ಸಡಿಲವಾದರೆ ತಲೆ ಮುಂದಕ್ಕೆ ಜೋತುಬೀಳುತ್ತದೆ. ನನ್ನ ಬಳಿ ಇದ್ದದ್ದನ್ನು ಸೇರಿಸಿದೆ. ತುಂಬುವಾಗ ಹಿಡಿ ಹಿಡಿಯಾಗಿ ತುರುಕಬೇಡಿ, ಗಡ್ಡೆಗಡ್ಡೆಯಾಗಿ ಹೊರಗೆ ಕಾಣುತ್ತದೆ. ಚಿಕ್ಕ ಚಿಕ್ಕ ಕುಚ್ಚು ತೆಗೆದು, ಬೆರಳಲ್ಲಿ ಹಿಂಜಿ, ಮೊದಲು ಅಂಚಿನ ಸುತ್ತ, ಆಮೇಲೆ ನಡುವೆ. ತಳ್ಳೋದಕ್ಕೆ ಪೆನ್ಸಿಲಿನ ಮೊಂಡು ತುದಿ ಸಾಕು. ದಿನ ಕಳೆದಂತೆ ಫೈಬರ್ ಅಮರಿಕೊಳ್ಳುತ್ತದೆ, ಆದ್ದರಿಂದ ಸಾಕು ಅನ್ನಿಸಿದ ಮೇಲೂ ಸ್ವಲ್ಪ ಹಾಕಿ. ಕುಣಿಕೆಗಳ ಸಂದು ಬಾಯಿಬಿಡಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ.

ಕಣ್ಣಿನ ವಿಚಾರದಲ್ಲಿ ಮಾತ್ರ ನನಗೆ ನಿಜವಾಗಿ ಬೇಜಾರಾಯಿತು. ಡಬ್ಬದ ಮುಂದಿನ ಚಿತ್ರದಲ್ಲಿ ತೊಟ್ಟಿಲಲ್ಲಿ ಎಳೆಮಗು, ಅದರ ಪಕ್ಕ ಈ ಮೊಲ. ಡಬ್ಬ ತಿರುಗಿಸಿ ಅಡಿಭಾಗ ನೋಡಿದರೆ ಸಾಸಿವೆಯಷ್ಟು ಚಿಕ್ಕ ಅಕ್ಷರದಲ್ಲಿ 3 ವರ್ಷದೊಳಗಿನ ಮಕ್ಕಳಿಗಲ್ಲ ಅಂತ ಇದೆ. ಇದು ಸರಿಯಲ್ಲ. ಪ್ಲಾಸ್ಟಿಕ್ ಕಣ್ಣಿನ ಹಿಂದಿನ ಬಿಲ್ಲೆ ಒಮ್ಮೆ ಒತ್ತಿದರೆ ಬಿಚ್ಚುವುದಿಲ್ಲ ನಿಜ. ಆದರೆ ಹೆಣೆದ ಬಟ್ಟೆಯೇ ಹಿಗ್ಗುತ್ತದಲ್ಲ. ಮಗು ಕಚ್ಚಿ ಎಳೆದರೆ ಸಂದು ದೊಡ್ಡದಾಗಿ ಬಿಲ್ಲೆಯ ಸಮೇತ ಕಣ್ಣು ಹೊರಬರಬಹುದು. ಅದು ಗಂಟಲಿಗೆ ಸಿಕ್ಕುವ ಗಾತ್ರದ್ದು. ಅಜ್ಜಿಯಂದಿರು, ಅತ್ತೆಯಂದಿರು ಹೆಚ್ಚಾಗಿ ಇಂಥ ಕಿಟ್ ಕೊಳ್ಳೋದೇ ಎಳೆಮಕ್ಕಳಿಗೆ ಅನ್ನೋದು ಮಾರುವವರಿಗೆ ಗೊತ್ತು. ಆ ಚಿತ್ರ ಹಾಕಿದ್ದೂ ಅದಕ್ಕೇ ತಾನೇ. ಹಾಗಿದ್ದ ಮೇಲೆ ಕಣ್ಣನ್ನು ದಾರದಲ್ಲಿ ಹೊಲಿಯೋದು ಹೇಗೆ ಅಂತ ಹಾಳೆಯಲ್ಲಿ ನಾಲ್ಕು ಸಾಲು ಬರೆಯಬೇಕಿತ್ತು. ಇನ್ನೊಂದು ವಿಷಯ. ಕಣ್ಣು ಹೊಲಿದದ್ದೇ ಆದರೂ ಒಂದು ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ಮೆತ್ತನೆಯ ಗೊಂಬೆ ಇಡಬಾರದು ಅನ್ನುತ್ತಾರೆ ಮಕ್ಕಳ ವೈದ್ಯರು. ಎಚ್ಚರ ಇದ್ದಾಗ, ದೊಡ್ಡವರು ಪಕ್ಕದಲ್ಲಿದ್ದಾಗ ಆಡಲಿ. ಡಬ್ಬದ ಆ ಚಿತ್ರ ಎರಡು ಥರದಲ್ಲೂ ತಪ್ಪು.

ನಾವು ಪ್ಲಾಸ್ಟಿಕ್ ಕಣ್ಣನ್ನು ಪಕ್ಕಕ್ಕಿಟ್ಟು ಕಪ್ಪು ದಾರದಲ್ಲಿ ಮುಚ್ಚಿದ ಕಣ್ಣು ಹೊಲಿದೆವು. ಕೆಳಕ್ಕೆ ಬಾಗಿದ ಒಂದು ಪುಟ್ಟ ಕಮಾನು, ಅಷ್ಟೇ. ದಾರದ ತುದಿಯನ್ನು ಕತ್ತಿನ ಹಿಂದಿನಿಂದ ತೂರಿಸಿ ಅಲ್ಲೇ ಮುಗಿಸಿದರೆ ಮುಖದಲ್ಲಿ ಗಂಟು ಕಾಣುವುದಿಲ್ಲ. ಕಣ್ಣು ಎಲ್ಲಿ ಕೂರಬೇಕು ಅನ್ನೋದಕ್ಕೆ ಸಮಯ ಕೊಡಿ. ಮುಖದ ಮೇಲ್ಭಾಗದಲ್ಲಿ ಹತ್ತಿರ ಹತ್ತಿರ ಇಟ್ಟರೆ ಮೊಲ ವಯಸ್ಸಾದ ಹಾಗೆ ಕಾಣುತ್ತದೆ. ಅರ್ಧಕ್ಕಿಂತ ಕೆಳಗೆ, ದೂರ ದೂರ ಇಟ್ಟರೆ ಮರಿ. ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ಕಾನ್ರಾಡ್ ಲೊರೆಂಟ್ಸ್ 1943ರಲ್ಲಿ ಮಗುತನದ ಗುರುತುಗಳು ಅಂತ ಹೇಳಿದ್ದು ಇವನ್ನೇ: ದೊಡ್ಡ ತಲೆ, ಅಗಲ ಹಣೆ, ಕೆಳಗೆ ಕೂತ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ. ಅವನ್ನು ಕಂಡರೆ ನಮಗೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಗೊಂಬೆ ಮಾಡುವವರು ಇದನ್ನು ಕೈಯಲ್ಲೇ ಕಂಡುಕೊಳ್ಳುತ್ತಾರೆ. ಮೊದಲು ಗುಂಡುಪಿನ್ನು ಚುಚ್ಚಿ, ದೂರ ಇಟ್ಟು ನೋಡಿ, ಒಂದು ಗೆರೆ ಕೆಳಗಿಳಿಸಿ ಮತ್ತೆ ನೋಡಿ. ಪಿನ್ನುಗಳನ್ನು ಎಣಿಸಿ ಚುಚ್ಚಿ, ಎಣಿಸಿ ತೆಗೆಯಿರಿ. ಒಂದೂ ಒಳಗೆ ಉಳಿಯಬಾರದು.

ಬಾಲಕ್ಕೆ ನೂಲಿನ ಕುಚ್ಚು ಕಟ್ಟಿ ಅಂತ ಇದೆ. ಚೆಂದ ಕಾಣುತ್ತದೆ, ಆದರೆ ಎಳೆ ಉದುರುತ್ತದೆ. ಮಗುವಿಗಾದರೆ ಪುಟ್ಟ ಚೌಕವೊಂದನ್ನು ಹೆಣೆದು, ಸುತ್ತ ದಾರ ಎಳೆದು ಉಂಡೆ ಮಾಡಿ ಗಟ್ಟಿಯಾಗಿ ಹೊಲಿಯಿರಿ. ಒಗೆಯೋದಕ್ಕೆ ತಲೆದಿಂಬಿನ ಕವರಿನೊಳಗೆ ಹಾಕಿ ತಣ್ಣೀರಲ್ಲಿ ಒಗೆದು, ಹಿಂಡದೆ ಟವೆಲಿನಲ್ಲಿ ಒತ್ತಿ ಒಣಗಿಸಿದರೆ ಆಯಿತು. ಇಸ್ತ್ರಿ ಮಾತ್ರ ಬೇಡ. ಈ ನೂಲಿನಲ್ಲಿ ಅಕ್ರಿಲಿಕ್ ಇದೆ, ಬಿಸಿ ತಾಗಿದರೆ ಪುಟಿತ ಹೋಗಿ ಜೋಲಾಗುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಕ್ರೋಶಾ ಕಿಟ್ ತಗೊಳ್ಳಲಾ, ಇದನ್ನು ತಗೊಳ್ಳಲಾ ಅಂತ ಕೇಳುವವರಿದ್ದಾರೆ. ದುಂಡಗಿನ ಗೊಂಬೆಗೆ ಕ್ರೋಶಾ ಸುಲಭ, ಅದನ್ನು ಒಪ್ಪುತ್ತೇನೆ. ಒಂದೇ ಕೊಕ್ಕೆ, ಒಂದೇ ಕುಣಿಕೆ ತೆರೆದಿರುತ್ತದೆ, ಉದುರುವ ಭಯ ಇಲ್ಲ. ಆದರೆ ಅಲ್ಲಿ ಮೊದಲ ಸುತ್ತಿನ ಆರು ಹೊಲಿಗೆಯೇ ಬಲು ಕಷ್ಟ, ಮತ್ತೆ ಪ್ರತಿ ಸುತ್ತೂ ಎಣಿಸಬೇಕು. ಇಲ್ಲಿ ಮೊದಲ ಸಾಲಿಂದ ಕೊನೆ ಸಾಲಿನವರೆಗೆ ಒಂದೇ ಕೆಲಸ, ಕಣ್ಣು ಬೇರೆ ಕಡೆ ಇದ್ದರೂ ಕೈ ಮಾಡುತ್ತಿರುತ್ತದೆ. ಮಾತಾಡುತ್ತಾ ಕಲಿಯಬೇಕು ಅನ್ನುವವರಿಗೆ ಹೆಣಿಗೆಯೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ಆ ಡಬ್ಬದ ಚಿತ್ರಕ್ಕೂ ಅರೆಬರೆ ಹೊಲಿಗೆ ಪಾಠಕ್ಕೂ. ಕಡ್ಡಿ, ನೂಲು ಏನೂ ಇಲ್ಲದೆ ಶುರುಮಾಡುವವರು ಧೈರ್ಯವಾಗಿ ಕೊಳ್ಳಿ. ಮನೆಯಲ್ಲಿ ಕಡ್ಡಿಯೂ ಉಳಿದ ನೂಲೂ ಇರುವವರಿಗೆ ಈ ಕಿಟ್ ಬೇಕಿಲ್ಲ, ಮೇಲೆ ಹೇಳಿದ ಲೆಕ್ಕದಲ್ಲೇ ಮೊಲ ಬರುತ್ತದೆ. ಒಂದು ಮೊಲಕ್ಕೆ ಅರ್ಧ ಉಂಡೆಯೂ ಖರ್ಚಾಗಲಿಲ್ಲ. ಉಳಿದ ನೂಲಿನಲ್ಲಿ ಅತ್ತಿಗೆ 28 ಕುಣಿಕೆ ಹಾಕಿ, 56 ಸಾಲಿನ ಪುಟ್ಟ ಮೊಲ ಶುರುಮಾಡಿದ್ದಾರೆ, ಈ ಸಲ ಹಾಳೆ ಬಿಚ್ಚಿಯೂ ಇಲ್ಲ.